ಒಂದೇ ವೋಟು, ನಾಲ್ಕು ಪ್ರಮಾಣವಚನ: ಸಿಎಂ ಆರಿಸೋದು ಮತದಾರನಲ್ಲ, ಮತ್ಯಾರು?

ಹಾವೇರಿ: ಬೆಂಗಳೂರಿನಲ್ಲಿ ಸಿಎಂ ಬದಲಾವಣೆ ಸುದ್ದಿ ಎದ್ದಾಗಲೆಲ್ಲ ಜಿಲ್ಲೆಯ ಚಾದಂಗಡಿಗಳಲ್ಲಿ ಒಂದು ಪ್ರಶ್ನೆ ಏಳುತ್ತೆ. ‘ನಾವು ವೋಟ್ ಹಾಕಿದ್ದು ಅವರನ್ನ ನೋಡಿ, ಇವರು ಹೆಂಗ್ ಸಿಎಂ ಆಕ್ಕಾರ್ರೀ?’

ಸಿಟ್ಟು ಸಹಜ. ಆದರೆ ಮತದಾರ ಆರಿಸೋದು ತನ್ನ ಕ್ಷೇತ್ರದ ಒಬ್ಬ ಶಾಸಕನನ್ನು ಮಾತ್ರ. ಗೆದ್ದು ಬಂದ 224 ಜನರಲ್ಲಿ ಹೆಚ್ಚಿನವರು ಯಾರ ಹಿಂದೆ ನಿಲ್ಲುತ್ತಾರೋ ಅವರು ಮುಖ್ಯಮಂತ್ರಿ. ಅವರು ಸರಿದ ದಿನ ಕುರ್ಚಿಯೂ ಸರಿಯುತ್ತೆ. ಸಂಸದೀಯ ಪದ್ಧತಿ ಅಂದ್ರೆ ಮೂಲದಲ್ಲಿ ಇಷ್ಟೇ. ದೆಹಲಿಯಲ್ಲೂ ಇದೇ ಲೆಕ್ಕ: 1999ರಲ್ಲಿ ವಾಜಪೇಯಿ ಸರ್ಕಾರ ಬಿದ್ದಿದ್ದು ಒಂದೇ ಒಂದು ಮತದಿಂದ.

ಈ ಪದ್ಧತಿ ಹೇಗೆ ನಡೆಯುತ್ತೆ, ಎಲ್ಲಿ ಎಡವುತ್ತೆ ಅನ್ನೋದಕ್ಕೆ ದೂರ ಹೋಗಬೇಕಿಲ್ಲ, 2018ರ ವಿಧಾನಸಭೆ ಸಾಕು. ಜನ ವೋಟ್ ಹಾಕಿದ್ದು ಒಂದು ಸಲ. ಸಿಎಂ ಪ್ರಮಾಣವಚನ ಆಗಿದ್ದು ನಾಲ್ಕು ಸಲ.

ಮೊದಲು ಯಡಿಯೂರಪ್ಪ. ಮತದಾನ ನಡೆದ 222 ಕ್ಷೇತ್ರಗಳಲ್ಲಿ ಬಿಜೆಪಿ ಗೆದ್ದಿದ್ದು 104. ದೊಡ್ಡ ಪಕ್ಷ ಹೌದು, ಬಹುಮತ ಇಲ್ಲ. ರಾಜ್ಯಪಾಲರು ಬಹುಮತ ತೋರಿಸೋಕೆ 15 ದಿನ ಕೊಟ್ಟರು. ಸುಪ್ರೀಂ ಕೋರ್ಟ್ ಅಷ್ಟು ದಿನ ಕಾಯಲಿಲ್ಲ, ಮೇ 19ಕ್ಕೇ ಸದನದಲ್ಲಿ ಸಾಬೀತು ಮಾಡಿ ಅಂತು. ಯಡಿಯೂರಪ್ಪ ಮತಕ್ಕೆ ಹಾಕದೇ ರಾಜೀನಾಮೆ ಕೊಟ್ಟರು. ಬಹುಮತ ಅಳೆಯೋ ಜಾಗ ರಾಜಭವನ ಅಲ್ಲ, ಸದನ ಅನ್ನೋ ನಿಯಮ ಗಟ್ಟಿಯಾಗಿದ್ದೂ ನಮ್ಮ ರಾಜ್ಯದ ಕೇಸಿನಿಂದಲೇ. 1989ರಲ್ಲಿ ವಜಾ ಆದ ಎಸ್.ಆರ್. ಬೊಮ್ಮಾಯಿ ಸರ್ಕಾರದ ಪ್ರಕರಣ, 1994ರ ತೀರ್ಪು.

ನಂತರ ಕಾಂಗ್ರೆಸ್ ಬೆಂಬಲದಿಂದ ಕುಮಾರಸ್ವಾಮಿ. 2019ರ ಜುಲೈ 23ರಂದು ವಿಶ್ವಾಸಮತದಲ್ಲಿ ಅವರ ಪರ 99, ವಿರುದ್ಧ 105. ಎಲ್ಲರ ಬಾಯಲ್ಲಿ ಇರೋದು 113 ಅನ್ನೋ ಸಂಖ್ಯೆ. ಹಾಗಾದ್ರೆ 105ಕ್ಕೇ ಸರ್ಕಾರ ಬಿದ್ದಿದ್ದು ಹೇಗೆ? ಲೆಕ್ಕ ಹಿಡಿಯೋದು ಹಾಜರಿದ್ದು ಮತ ಹಾಕಿದವರನ್ನ ಮಾತ್ರ. ಅವತ್ತು ಮತ ಬಿದ್ದಿದ್ದು 204, ಅದರಲ್ಲಿ 103 ಇದ್ದರೆ ಬಹುಮತ. ರಾಜೀನಾಮೆ ಕೊಟ್ಟ ಶಾಸಕರು ಸದನಕ್ಕೆ ಬರಲಿಲ್ಲ. ಪಕ್ಷದ ವಿಪ್ ಮೀರಿ ಮತ ಹಾಕಿದರೆ ಪಕ್ಷಾಂತರ ನಿಷೇಧ ಕಾಯ್ದೆಯಲ್ಲಿ ಸ್ಥಾನ ಹೋಗುತ್ತೆ. ಅದಕ್ಕೇ ವಿರುದ್ಧ ಮತ ಹಾಕೋ ಬದಲು ರಾಜೀನಾಮೆ ದಾರಿ. ಗೈರುಹಾಜರಿಯೂ ಇಲ್ಲಿ ಒಂದು ವೋಟೇ. ಆದ್ರೆ ಆ ವೋಟ್ ಹಾಕೋಕೆ ಅಂತ ಯಾವ ಊರಿನವರೂ ಅವರನ್ನ ಕಳಿಸಿರಲಿಲ್ಲ.

ನಮ್ಮ ಜಿಲ್ಲೆಯ ಎರಡು ಕ್ಷೇತ್ರ ಇದರಲ್ಲಿ ಇದ್ದವು, ಹಿರೇಕೆರೂರು ಮತ್ತು ರಾಣೆಬೆನ್ನೂರು. ಸ್ಪೀಕರ್ ಒಟ್ಟು 17 ಜನರನ್ನ ಅನರ್ಹ ಮಾಡಿದರು. ಸುಪ್ರೀಂ ಕೋರ್ಟ್ ಅನರ್ಹತೆ ಎತ್ತಿಹಿಡಿದು, ಚುನಾವಣೆಗೆ ನಿಲ್ಲಬಹುದು ಅಂತಲೂ ಹೇಳಿತು. ಅನರ್ಹರಾದವರು ಮತ್ತೆ ಗೆಲ್ಲದೇ ಮಂತ್ರಿ ಆಗೋ ಹಾಗಿಲ್ಲ, ಆದ್ದರಿಂದ ಉಪಚುನಾವಣೆ ಬರೀ ಶಾಸಕ ಸ್ಥಾನದ್ದಾಗಿರಲಿಲ್ಲ. ಡಿಸೆಂಬರ್ 5ರಂದು ಮತದಾನ ನಡೆದ 15 ಕ್ಷೇತ್ರಗಳಲ್ಲಿ ಬಿಜೆಪಿಗೆ 12 ಬಂದವು. ಹಿರೇಕೆರೂರಿನಲ್ಲಿ ಬಿ.ಸಿ. ಪಾಟೀಲ್ ಕಮಲದ ಚಿಹ್ನೆಯಲ್ಲಿ ಗೆದ್ದು ಕೃಷಿ ಸಚಿವರಾದರು. ರಾಣೆಬೆನ್ನೂರಿನ ಆರ್. ಶಂಕರ್‌ಗೆ ಟಿಕೆಟ್ಟೇ ಸಿಗಲಿಲ್ಲ.

ನಾಲ್ಕನೇ ಪ್ರಮಾಣವಚನಕ್ಕೆ ಸದನದಲ್ಲಿ ಸೋಲು ಬೇಕಾಗಲಿಲ್ಲ. 2021ರ ಜುಲೈನಲ್ಲಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು, ಶಾಸಕಾಂಗ ಪಕ್ಷ ಬಸವರಾಜ ಬೊಮ್ಮಾಯಿ ಅವರನ್ನ ಆರಿಸಿತು. ಶಿಗ್ಗಾಂವಿ ಶಾಸಕರು ಸಿಎಂ ಆದರು, ಜಿಲ್ಲೆಯಲ್ಲಿ ಪಟಾಕಿ ಹೊಡೆದರು. ಅವತ್ತು ‘ಇವರು ಹೆಂಗ್ ಸಿಎಂ ಆದ್ರು’ ಅಂತ ಇಲ್ಲಿ ಕೇಳಿದವರು ಕಡಿಮೆಯೇ.

2023ರಲ್ಲಿ ಹಿರೇಕೆರೂರಿನ ಮತದಾರರ ಮುಂದೆ ಮತ್ತೆ ಅದೇ ಇಬ್ಬರು. 2018ರಲ್ಲಿ ಕಾಂಗ್ರೆಸ್ಸಿನಲ್ಲಿದ್ದ ಪಾಟೀಲ್ ಈಗ ಬಿಜೆಪಿ, ಆಗ ಬಿಜೆಪಿಯಿಂದ ಸಾವಿರಕ್ಕೂ ಕಡಿಮೆ ಮತಗಳಲ್ಲಿ ಸೋತಿದ್ದ ಯು.ಬಿ. ಬಣಕಾರ್ ಈಗ ಕಾಂಗ್ರೆಸ್. ಗೆದ್ದಿದ್ದು ಬಣಕಾರ್.