ಕರೆದರೆ ಮರಳುವ ನಾಯಿ

ನಮ್ಮ ಜಿಲ್ಲೆಯ ಆತಕೂರಿನಲ್ಲಿ ನಾಯಿಯೊಂದಕ್ಕೆ ಕಲ್ಲು ನೆಟ್ಟಿದ್ದರು. ಕ್ರಿ.ಶ. 949-50ರ ಆ ಶಾಸನದ ಪ್ರಕಾರ, ಮಣಲೇರನು ರಾಷ್ಟ್ರಕೂಟ ಕೃಷ್ಣನಿಂದ ಬೇಡಿ ಪಡೆದ ‘ಕಾಳಿ’ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು.

ಕಿಕ್ಕೇರಿ ಕಡೆಯ ತೋಟಗಳಿಗೆ ಇಂದಿಗೂ ಹಂದಿ ನುಗ್ಗುತ್ತದೆ. ಆದರೆ ನಾಯಿಯನ್ನು ಛೂ ಬಿಡುವುದು ಸಲ್ಲದು. 1972ರ ವನ್ಯಜೀವಿ ಕಾಯ್ದೆಯ ಮಾತು ಹಾಗಿರಲಿ, ಕೋರೆಗೆ ಸಿಕ್ಕು ಹೊಟ್ಟೆ ಬಗೆಸಿಕೊಳ್ಳುವುದು ನಮ್ಮ ನಾಯಿಯೇ. ಬೊಗಳಿ ಎಚ್ಚರಿಸಿ, ಕರೆದೊಡನೆ ಹಿಂದಿರುಗುವ ನಾಯಿಯೇ ರೈತನಿಗೆ ಲೇಸು.

ಇದಕ್ಕೆ ಎಸೆದದ್ದನ್ನು ತರಿಸುವ ಆಟವೇ ಒಳ್ಳೆಯ ಪಾಠವೆಂದು ನನ್ನ ಅಭಿಪ್ರಾಯ. ಅಡಿಕೆ ಹಾಳೆಯನ್ನು ಸುರುಳಿ ಕಟ್ಟಿ ನಾಲ್ಕು ಮಾರು ದೂರ ಎಸೆಯಿರಿ. ಕೊರಳಪಟ್ಟಿಗೆ ಉದ್ದನೆಯ ಹಗುರ ಹಗ್ಗವಿರಲಿ. ಅದು ಕಚ್ಚಿಕೊಂಡೊಡನೆ ಹೆಸರು ಹಿಡಿದು ಕರೆದು, ನೀವು ಹಿಂದೆ ಸರಿಯಿರಿ. ಬೆನ್ನಟ್ಟಿದರೆ ಓಡುವುದೇ ಆಟವೆಂದು ತಿಳಿದೀತು. ಬಾಯಿಂದ ಕಿತ್ತುಕೊಳ್ಳದೆ, ರೊಟ್ಟಿ ಚೂರು ಕೊಟ್ಟು ಬಿಡಿಸಿಕೊಳ್ಳಿ. ದಿನಕ್ಕೆ ಐದಾರು ಸಲ ಸಾಕು. ಅದಕ್ಕೆ ಬೇಸರ ಬರುವ ಮೊದಲೇ ನಿಲ್ಲಿಸಿ. ಅಂಗಳದಲ್ಲಿ ತಪ್ಪದೆ ತಂದುಕೊಟ್ಟ ಮೇಲೆ ತೋಟದಲ್ಲಿ ಅಭ್ಯಾಸ ಮಾಡಿಸಿ.

ಸದಸ್ಯ ಬಾಂಧವರಲ್ಲಿ ಒಂದು ಅರಿಕೆ: ತಡವಾಗಿ ಬಂದಿತೆಂದು ಹೊಡೆಯಬೇಡಿ. ಬಂದದ್ದಕ್ಕೇ ಏಟು ಬಿತ್ತೆಂದು ತಿಳಿದ ನಾಯಿ ಹಂದಿಯ ಎದುರಿನಿಂದಲೂ ಮರಳಲಾರದು.