ಲೆಕ್ಕದಲ್ಲಿ ಬೆಲೆ ಇಳಿದಿದೆ, ಅಂಗಡಿ ಬಾಕಿ ಯಾಕೆ ಇಳಿದಿಲ್ಲ?

ತಿಪಟೂರು: 2025ರ ಅಕ್ಟೋಬರ್ ತಿಂಗಳ ಹಣದುಬ್ಬರದ ಲೆಕ್ಕ ಹೊರಗೆ ಬಂದಿತ್ತು. ದೇಶದಲ್ಲಿ ಚಿಲ್ಲರೆ ಹಣದುಬ್ಬರ ಬರೀ ಶೇ 0.25 ಇತ್ತು. ಆಹಾರ ಪದಾರ್ಥಗಳ ಬೆಲೆಯಂತೂ 2024ರ ಅಕ್ಟೋಬರ್‌ಗಿಂತ ಶೇ 5ರಷ್ಟು ಕಮ್ಮಿ ಇತ್ತು. ಟಿವಿಯಲ್ಲಿ ಇದನ್ನ ಕೇಳಿದ ನಮ್ಮಮ್ಮ, "ಯಾವೂರಲ್ಲಂತೆ ಇಳಿದಿರೋದು? ಅಲ್ಲಿಂದಲೇ ಸಾಮಾನು ತರೋಣ ಬಾ" ಅಂದ್ರು.

ಅಮ್ಮನ ಮಾತು ನಮ್ಮ ತಾಲೂಕಿನ ಎಷ್ಟೋ ಮನೆಗಳ ಮಾತು. ಆದ್ರೆ ಸರ್ಕಾರದ ಲೆಕ್ಕ ಸುಳ್ಳಾ? ಅದನ್ನ ನೋಡೇಬಿಡೋಣ ಅಂತ ಅಕ್ಟೋಬರ್ ಪೂರ್ತಿ ಮನೆಗೆ ತಂದ ಸಾಮಾನನ್ನೆಲ್ಲ ಬರೆದಿಟ್ಟೆ. ಹೋದ ವರ್ಷದ ರೇಟಿಗೆ ಹಳೇ ಉದ್ರಿ ಪುಸ್ತಕ ಮನೆಯಲ್ಲೇ ಇತ್ತು. ಬಿಕಾಂ ಅರ್ಧಕ್ಕೆ ಬಿಟ್ಟವನಾದ್ರೂ ಕೂಡೋದು ಕಳೆಯೋದು ಮರೆತಿಲ್ಲ.

ಏರಿದ್ದು ಯಾವುದು, ಇಳಿದಿದ್ದು ಯಾವುದು

2024ರ ಇದೇ ಹೊತ್ತಿಗೆ ಟೊಮೆಟೊ, ಈರುಳ್ಳಿ, ತೊಗರಿಬೇಳೆ ಎಲ್ಲ ಗಗನಕ್ಕೇರಿತ್ತು. ಅದಕ್ಕೆ ಹೋಲಿಸಿದರೆ ದೇಶದ ಲೆಕ್ಕದಲ್ಲಿ 2025ರ ಅಕ್ಟೋಬರ್‌ನಲ್ಲಿ ತರಕಾರಿ ಶೇ 27, ಬೇಳೆಕಾಳು ಶೇ 16ರಷ್ಟು ಅಗ್ಗವಾಗಿತ್ತು. ಆದ್ರೆ ಅಡುಗೆ ಎಣ್ಣೆ ಶೇ 11ರಷ್ಟು ದುಬಾರಿಯಾಗಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಚ್ಚಾ ಎಣ್ಣೆಕಾಳಿನ ಎಣ್ಣೆಗಳ ಆಮದು ಸುಂಕವನ್ನ ಶೇ 5.5ರಿಂದ 27.5ಕ್ಕೆ ಏರಿಸಿತು. 2025ರ ಮೇ ಕೊನೆಗೆ 16.5ಕ್ಕೆ ಇಳಿಸಿತು. ಏರಿದಷ್ಟು ಜೋರಾಗಿ ರೇಟು ಇಳಿದಿದ್ದು ನಮ್ಮ ಬೀದಿಯಲ್ಲಂತೂ ಕಾಣಲಿಲ್ಲ.

ಹಾಲಿನ ಕಥೆ ಗೊತ್ತೇ ಇದೆ. 1,050 ಎಂಎಲ್ ನಂದಿನಿ ನೀಲಿ ಪ್ಯಾಕೆಟ್‌ಗೆ 44 ರೂಪಾಯಿ ಇತ್ತು. 2025ರ ಏಪ್ರಿಲ್ 1ರಿಂದ 1,000 ಎಂಎಲ್‌ಗೆ 46. ನೋಡೋಕೆ ಎರಡೇ ರೂಪಾಯಿ, ಹೋದ 50 ಎಂಎಲ್ ಸೇರಿಸಿದರೆ ನಾಲ್ಕು. ತುಪ್ಪ ಇನ್ನೂ ತಮಾಷೆ. ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಇಳಿದು ಲೀಟರ್‌ಗೆ 650 ಇದ್ದದ್ದು 610 ಆಯ್ತು, ನವೆಂಬರ್‌ನಲ್ಲಿ 700ಕ್ಕೆ ಹೋಯ್ತು.

ಇನ್ನು ತೆಂಗಿನಕಾಯಿ. ಕೊಬ್ಬರಿ 2025ರಲ್ಲಿ ನಮ್ಮ ಎಪಿಎಂಸಿಯಲ್ಲಿ ಕ್ವಿಂಟಲ್‌ಗೆ 25 ಸಾವಿರ ದಾಟಿತು. ಉಂಡೆ ಕೊಬ್ಬರಿಯ ಬೆಂಬಲ ಬೆಲೆ 12,100 ಇದ್ದಾಗ ಇದು ತೋಟ ಇರೋರಿಗೆ ಹಬ್ಬವಾಗಿತ್ತು. ಆದ್ರೆ ಕಲ್ಪತರು ನಾಡಲ್ಲಿ ಎಲ್ಲರಿಗೂ ತೋಟ ಇಲ್ಲ. ನಮ್ಮಪ್ಪ ಮಂಡಿಯಲ್ಲಿ ಕೊಬ್ಬರಿ ಮೂಟೆ ಹೊರ್ತಾರೆ, ಮನೆಯಲ್ಲಿ ಅಮ್ಮ ಒಂದು ಕಾಯನ್ನ ಎರಡು ದಿನ ಬಳಸ್ತಾರೆ.

ಸೋರಿಕೆ ಸಿಕ್ಕಿದ್ದು ಬೇರೆ ಕಡೆ

ಐದು ಜನರ ಮನೆ ನಮ್ಮದು. ತಿಂಗಳ ಲೆಕ್ಕ ಹೀಗಿದೆ: ಹಾಲಿಗೆ 124, ಹದಿನೈದು ಕಾಯಿಗೆ 225, ನಾಲ್ಕು ಲೀಟರ್ ಎಣ್ಣೆಗೆ 80, ಒಟ್ಟು 429 ರೂಪಾಯಿ ಹೆಚ್ಚು. ಬೇಳೆಯಲ್ಲಿ 135, ತರಕಾರಿಯಲ್ಲಿ ಸುಮಾರು 240, ಒಟ್ಟು 375 ಉಳಿತಾಯ. ಅಂದ್ರೆ ಹೋದ ವರ್ಷಕ್ಕಿಂತ ಜಾಸ್ತಿ ಆಗಿದ್ದು 54 ರೂಪಾಯಿ. ಸರ್ಕಾರದ ಲೆಕ್ಕ ಸುಳ್ಳಲ್ಲ.

ಹಾಗಾದ್ರೆ ದುಡ್ಡು ಎಲ್ಲಿ ಹೋಗ್ತಿದೆ? ಪುಸ್ತಕದಲ್ಲೇ ಉತ್ತರ ಇತ್ತು. ಒಂದು ತಿಂಗಳಲ್ಲಿ ನಾವು ಅಂಗಡಿಗೆ ಹೋಗಿದ್ದು 43 ಸಲ. ಬೇಳೆ ಕೆಜಿಗೆ 120, ಆದ್ರೆ ಕಾಲು ಕೆಜಿಗೆ 35. ಹೀಗೆ ತಂದು ಮೂರು ಕೆಜಿಗೆ 60 ರೂಪಾಯಿ ಜಾಸ್ತಿ ಕೊಟ್ವಿ. ಎಣ್ಣೆಯನ್ನ 200 ಎಂಎಲ್ ಪ್ಯಾಕೆಟ್‌ನಲ್ಲಿ ತಂದಿದ್ದಕ್ಕೆ 80. ಕಾಫಿಪುಡಿ, ಖಾರದಪುಡಿ, ಸೋಪಿನಪುಡಿ ಸಣ್ಣ ಪ್ಯಾಕೆಟ್‌ಗಳಿಗೆ 130. ಒಟ್ಟು 270. ಬೆಲೆ ಏರಿಕೆಗಿಂತ ಐದು ಪಟ್ಟು!

ಇದು ಅಮ್ಮನ ತಪ್ಪಲ್ಲ. ಅಪ್ಪನ ಕೂಲಿ ವಾರಕ್ಕೊಮ್ಮೆ, ನನ್ನ ದುಡ್ಡು ಸುದ್ದಿಗಿಷ್ಟು ಅಂತ. ದುಡ್ಡು ಚೂರುಚೂರು ಬಂದ್ರೆ ಸಾಮಾನೂ ಚೂರುಚೂರೇ ಬರೋದು. ಇದ್ದವರು ಒಟ್ಟಿಗೆ ತಂದು ಉಳಿಸ್ತಾರೆ, ಇಲ್ಲದವರು ಕಾಲು ಕೆಜಿ ತಂದು ಜಾಸ್ತಿ ಕೊಡ್ತಾರೆ. ಗೃಹಲಕ್ಷ್ಮಿ 2 ಸಾವಿರ ಬಂದ ದಿನ ಅದು ಹಳೇ ಬಾಕಿಗೆ ಹೋಗುತ್ತೆ, ಮಾರನೇ ದಿನ ಮತ್ತೆ ಉದ್ರಿ ಶುರು.

ಅಂಗಡಿಯವರ ಕಷ್ಟ ಕಮ್ಮಿ ಏನಲ್ಲ. ನಮ್ಮ ಬೀದಿ ಅಂಗಡಿ ಅಣ್ಣನಿಗೆ ತಿಂಗಳ ಸಾಮಾನಿನ ಚೀಟಿ ಬರೋದೇ ಕಮ್ಮಿಯಾಗಿದೆ. ಕೈಯಲ್ಲಿ ಕ್ಯಾಶ್ ಇರೋರು ದೊಡ್ಡ ಮಾರ್ಟ್‌ಗೆ ಹೋಗ್ತಾರೆ, ಉದ್ರಿಯವರು ಅವರ ಹತ್ರ ಬರ್ತಾರೆ. ಹೋಲ್‌ಸೇಲ್‌ನವರಿಗೆ ಮಾತ್ರ ವಾರದೊಳಗೆ ದುಡ್ಡು ಕಟ್ಟಬೇಕು.

ನಾವು ಮಾಡಿದ್ದು

ಈ ತಿಂಗಳು ಅಂಗಡಿ ಅಣ್ಣನ ಹತ್ರ ಕೂತು ಮಾತಾಡಿದೆ. 2 ಸಾವಿರದಲ್ಲಿ 700 ಮಾತ್ರ ಬಾಕಿಗೆ, ಉಳಿದ 1,300ಕ್ಕೆ ನಗದು ಕೊಟ್ಟು ಎಣ್ಣೆ, ಬೇಳೆ, ಪುಡಿಗಳು ಇಡೀ ತಿಂಗಳಿಗೆ ಒಟ್ಟಿಗೆ. ಮೊದಲು ಮುಖ ಸಣ್ಣ ಮಾಡಿದ್ರು, ಆಮೇಲೆ ಒಪ್ಪಿದ್ರು. ಬಾಕಿ ಒಂದೇ ಸಲಕ್ಕೆ ತೀರಲ್ಲ, ಆದ್ರೆ ಉಳಿಯೋ 270 ಪ್ರತಿ ತಿಂಗಳು ಬಾಕಿಗೇ ಹೋಗುತ್ತೆ.

ಕೊಳ್ಳುವಾಗ ಇನ್ನೊಂದೆರಡು ನೋಡಿ. ಎಣ್ಣೆ ಪ್ಯಾಕೆಟ್ ಮೇಲೆ 910 ಗ್ರಾಂ ಇದ್ದರೆ ಅದು ಲೀಟರ್. ಅದಕ್ಕಿಂತ ಕಮ್ಮಿ ತೂಕದ್ದು ಲೀಟರ್ ಅಲ್ಲ, ರೇಟು ಕಮ್ಮಿ ಕಂಡ್ರೂ ಮೋಸ ಹೋಗಬೇಡಿ. ಲೇಬಲ್ ಇರೋ 25 ಕೆಜಿವರೆಗಿನ ಅಕ್ಕಿ, ಬೇಳೆ ಪ್ಯಾಕೆಟ್‌ಗೆ ಶೇ 5 ಜಿಎಸ್‌ಟಿ ಇದೆ, ಲೂಸ್ ತೂಗಿಸಿಕೊಂಡರೆ ಇಲ್ಲ. 26 ಕೆಜಿ ಅಕ್ಕಿ ಚೀಲ ಬರೋದು ಇದಕ್ಕೇ. ಶಾಂಪೂ ಮಾತ್ರ ಉಲ್ಟಾ, ಎಷ್ಟೋ ಬ್ರ್ಯಾಂಡ್‌ಗಳಲ್ಲಿ ಬಾಟಲಿಗಿಂತ ಸ್ಯಾಷೆಯೇ ಅಗ್ಗ.

ಅಂಗಡಿ ಮಾಲೀಕರಿಗೂ ಒಂದು ಮಾತು. ತಿಂಗಳಿಗೆ ಮೂರು ಕೆಜಿ ಬೇಳೆ ಒಯ್ಯೋ ಮನೆ ಯಾವುದು ಅಂತ ನಿಮಗೆ ಗೊತ್ತು. ಕಾಲು ಕಾಲು ಕೆಜಿ ಒಯ್ದರೂ ಅವರಿಗೆ ಕೆಜಿ ರೇಟೇ ಹಾಕಿ. ನಿಮಗೆ ಹೋಗೋದು 60 ರೂಪಾಯಿ, ಉಳಿಯೋದು ಬಾಕಿ ತೀರಿಸೋ ಗಿರಾಕಿ. ಬಾಕಿ ಜಾಸ್ತಿಯಾದ ಗಿರಾಕಿ ನಿಮ್ಮ ಅಂಗಡಿ ಮುಂದೆ ಹಾಯೋದನ್ನೇ ಬಿಟ್ಟು ಪಕ್ಕದ ಬೀದಿಯಲ್ಲಿ ಹೋಗ್ತಾನೆ. ಅದು ನಿಮಗೂ ಗೊತ್ತಿರೋದೇ.