ಉಪಾಧ್ಯಾಯರಿಗೆ ಯೋಚಿಸುವ ಹೊತ್ತು ಕೊಡಿ

ನೂಲು ಎಲ್ಲಿ ಹರಿಯುತ್ತದೆ, ಏಕೆ ಹರಿಯುತ್ತದೆ ಎಂಬುದು ಆಫೀಸಿನಲ್ಲಿ ಕುಳಿತವನಿಗಿಂತ ಮೊದಲು ಮಗ್ಗದ ಮುಂದೆ ನಿಂತವನಿಗೆ ತಿಳಿಯುತ್ತದೆ. ಅಂಗಡಿಯವನು ರಾತ್ರಿ ಬಾಗಿಲು ಹಾಕಿದ ಮೇಲೆ ಕಿರ್ದಿ ಬಿಚ್ಚಿ ಕೂರುತ್ತಾನೆ. ಯಾವ ಸರಕು ಹೋಯಿತು, ಯಾವುದು ಕೂತಿತು, ಉದರಿ ಎಲ್ಲಿ ಬೆಳೆಯಿತು ಎಂದು ನೋಡಿ ನಾಳೆಯ ಖರೀದಿಯನ್ನು ತಿದ್ದಿಕೊಳ್ಳುತ್ತಾನೆ. ಮಾಡಿದ ಕೆಲಸವನ್ನು ತಾನೇ ತೂಗಿ ನೋಡಿ ಮುಂದಿನದನ್ನು ತಿದ್ದುವ ಈ ಕ್ರಮವನ್ನು ಶಿಕ್ಷಣ ಬಲ್ಲವರು ಆತ್ಮಾವಲೋಕನವೆಂದೂ ಕ್ರಿಯಾ ಸಂಶೋಧನೆಯೆಂದೂ ಕರೆಯುತ್ತಾರೆ. ಹೆಸರು ದೊಡ್ಡದು, ವಿಷಯ ನಮಗೆ ಪರಿಚಿತವಾದದ್ದೇ. ನಮ್ಮ ಮಕ್ಕಳಿಗೆ ಪಾಠ ಹೇಳುವ ಉಪಾಧ್ಯಾಯರಿಗೆ ಈ ಹಕ್ಕೂ ಇದಕ್ಕೆ ಬೇಕಾದ ಹೊತ್ತೂ ಉಂಟೆ ಎಂಬುದೇ ಪ್ರಶ್ನೆ.

ಈ ವಿಚಾರಕ್ಕೆ ಕಾರ್ಖಾನೆಯ ನಂಟೂ ಇದೆ ಎಂಬುದನ್ನು ಕಾರ್ಮಿಕ ಬಂಧುಗಳು ಅರಿಯಬೇಕು. ಕ್ರಿಯಾ ಸಂಶೋಧನೆಯ ಮಾತನ್ನು 1946ರಲ್ಲಿ ಲೇಖನವೊಂದರಿಂದ ಪ್ರಚಾರಕ್ಕೆ ತಂದ ಕುರ್ಟ್ ಲೆವಿನ್ ಸಣ್ಣ ಅಂಗಡಿಕಾರರೊಬ್ಬರ ಮಗ. ಹಿಟ್ಲರನು ಅಧಿಕಾರಕ್ಕೆ ಬಂದ 1933ರಲ್ಲಿ ಜರ್ಮನಿ ಬಿಟ್ಟು ಅಮೆರಿಕ ಸೇರಿದ ಯಹೂದಿ ಮನಶ್ಶಾಸ್ತ್ರಜ್ಞ. ಅವರ ಬಳಗದವರು ವರ್ಜೀನಿಯಾದ ಮೇರಿಯನ್ ಎಂಬ ಊರಿನ ಹಾರ್‌ವುಡ್ ಪೈಜಾಮ ಕಾರ್ಖಾನೆಯಲ್ಲಿ ಒಂದು ಪರೀಕ್ಷೆ ನಡೆಸಿ, ಫಲವನ್ನು 1948ರಲ್ಲಿ ಪ್ರಕಟಿಸಿದರು. ಅಲ್ಲಿ ಕೆಲಸದ ಕ್ರಮವನ್ನು ಬದಲಿಸಬೇಕಾಗಿತ್ತು. ಒಂದು ತಂಡಕ್ಕೆ ಆಡಳಿತದ ತೀರ್ಮಾನವನ್ನು ತಿಳಿಸಿದರು, ಅಷ್ಟೆ. ಉಳಿದ ತಂಡಗಳೊಡನೆ ಕುಳಿತು, ಬದಲಾವಣೆ ಹೇಗಾಗಬೇಕೆಂಬುದನ್ನು ಕೆಲಸಗಾರರೊಡನೆ ಅಥವಾ ಅವರ ಪ್ರತಿನಿಧಿಗಳೊಡನೆ ಗೊತ್ತುಮಾಡಿದರು. ಬರಿಯ ತೀರ್ಮಾನ ಕೇಳಿದ ತಂಡದಲ್ಲಿ ಉತ್ಪನ್ನ ಕುಸಿಯಿತು, 40 ದಿನದೊಳಗೆ ನೂರಕ್ಕೆ 17 ಮಂದಿ ಕೆಲಸ ಬಿಟ್ಟರು. ಉಳಿದ ತಂಡಗಳಲ್ಲಿ ಕೈ ಬೇಗ ಕುದುರಿತು. ಆ ಅವಧಿಯಲ್ಲಿ ಯಾರೂ ಬಿಟ್ಟುಹೋಗಲಿಲ್ಲ. ಹೆಚ್ಚಿದ ಉತ್ಪನ್ನದ ಲಾಭ ಯಾರ ಪೆಟ್ಟಿಗೆ ಸೇರಬೇಕು ಎಂಬುದು ಬೇರೆಯೇ ಪ್ರಶ್ನೆ, ಅದನ್ನು ನಾವು ಬಿಡತಕ್ಕದ್ದಲ್ಲ. ಆದರೂ ದುಡಿಯುವವರನ್ನು ಕೇಳದೆ ಹೇರಿದ ಸುಧಾರಣೆ ನೆಲೆನಿಲ್ಲದೆಂಬ ಪಾಠ ಅಲ್ಲಿ ಸಿಕ್ಕಿತು. 1953ರಲ್ಲಿ ಅಮೆರಿಕದ ಸ್ಟೀಫನ್ ಕೋರೆ, 1975ರಲ್ಲಿ ಇಂಗ್ಲೆಂಡಿನ ಲಾರೆನ್ಸ್ ಸ್ಟೆನ್‌ಹೌಸ್ ತಮ್ಮ ಪುಸ್ತಕಗಳಲ್ಲಿ, ಉಪಾಧ್ಯಾಯರೇ ತಮ್ಮ ತರಗತಿಯ ಸಂಶೋಧಕರಾಗಬೇಕೆಂದು ವಾದಿಸಿದರು.

ಸಂಶೋಧನೆಯೆಂದ ಕೂಡಲೆ ಬೆದರಬೇಕಾದ್ದಿಲ್ಲ. 52ರಲ್ಲಿ 27 ಕಳೆಯಿರಿ ಎಂದರೆ ಕೆಲವು ಮಕ್ಕಳು 35 ಎಂದು ಬರೆಯುತ್ತಾರೆ. ಕೆಂಪು ಗೆರೆ ಎಳೆದು ಮುಂದೆ ಹೋದರೆ ದಿನ ಕಳೆಯಿತು, ತಪ್ಪು ಉಳಿಯಿತು. ಮಗುವನ್ನು ಹತ್ತಿರ ಕೂರಿಸಿಕೊಂಡು ಹೇಗೆ ಮಾಡಿದೆ ಹೇಳು ಎಂದು ಕೇಳಿದರೆ ಗುಟ್ಟು ತಿಳಿಯುತ್ತದೆ: 2ರಲ್ಲಿ 7 ಹೋಗದೆಂದು ಮಗು 7ರಲ್ಲೇ 2 ಕಳೆದಿದೆ. ಹತ್ತು ಹತ್ತು ಕಡ್ಡಿಗಳ ಕಟ್ಟು ಕೊಟ್ಟು, ಒಂದು ಕಟ್ಟನ್ನು ಬಿಚ್ಚಿಸಿ ಎರಡು ವಾರ ಕಲಿಸಿ, ಮತ್ತೆ ಅಂಥವೇ ಲೆಕ್ಕ ಕೊಟ್ಟು, ಮೊದಲು ಎಷ್ಟು ಮಂದಿ ತಪ್ಪಿದ್ದರು, ಈಗ ಎಷ್ಟು ಎಂದು ಬರೆದಿಟ್ಟು, ಪಕ್ಕದ ತರಗತಿಯ ಉಪಾಧ್ಯಾಯರಿಗೆ ತೋರಿಸಿ ಚರ್ಚಿಸಿದರೆ ಅದೇ ಕ್ರಿಯಾ ಸಂಶೋಧನೆ. ಇದಕ್ಕೆ ಬೇಕಾದದ್ದು ಕಡ್ಡಿಯ ಕಟ್ಟು, ಒಂದು ನೋಟುಪುಸ್ತಕ, ಸ್ವಲ್ಪ ನೆಮ್ಮದಿ.

ನಮ್ಮ ನಾಡಿನಲ್ಲಿ ಇದಕ್ಕೆ ಉದಾಹರಣೆ ಇಲ್ಲದಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಉಪಾಧ್ಯಾಯರು, ಆಂಧ್ರದ ರಿಷಿವ್ಯಾಲಿಯ ಶಾಲೆಗಳಲ್ಲಿ ನಡೆದಿದ್ದ ಕೆಲಸದಿಂದ ಸ್ಫೂರ್ತಿ ಪಡೆದು, ಪಾಠವನ್ನು ಸಣ್ಣ ಮೆಟ್ಟಿಲುಗಳಾಗಿ ಒಡೆದು, ತಾವೇ ಕಾರ್ಡುಗಳನ್ನು ರಚಿಸಿದರು. ಅದೇ ನಲಿ-ಕಲಿ. 2009-10ರಲ್ಲಿ ಸರ್ಕಾರ ಅದನ್ನು ಕಿರಿಯ ತರಗತಿಗಳಿಗಾಗಿ ರಾಜ್ಯಕ್ಕೆಲ್ಲ ವಿಸ್ತರಿಸಿತು. ಒಳ್ಳೆಯದೇ. ಆದರೆ ಕಾರ್ಡನ್ನು ಬರೆದವರಿಗೆ ಅದು ಏಕೆ ಹಾಗಿದೆ ಎಂಬುದು ಗೊತ್ತು. ಕಟ್ಟು ಬಿಚ್ಚಿ ಹಂಚುವವರಿಗೆ ಅದು ತಾನಾಗಿ ತಿಳಿಯದು. ಪದ್ಧತಿಯನ್ನು ಲಾರಿಯಲ್ಲಿ ಕಳಿಸಬಹುದು, ಅದನ್ನು ಹುಟ್ಟಿಸಿದ ಯೋಚನೆಯನ್ನು ಪ್ರತಿ ಶಾಲೆಯಲ್ಲೂ ಹೊಸದಾಗಿ ಬೆಳೆಸಬೇಕು.

ಬೆಳೆಸುವ ಹೊತ್ತೆಲ್ಲಿ? ಬಿಸಿಯೂಟದ ಲೆಕ್ಕ, ಚುನಾವಣೆಯ ಕೆಲಸ, ಸಮೀಕ್ಷೆ, ಮೇಲಿಂದ ಕೇಳಿದ ಅಂಕಿ ಅಂಶ; ಇವು ಮುಗಿದು ಉಳಿದ ಹೊತ್ತಿನಲ್ಲಿ ಪಾಠ. ಕ್ರಿಯಾ ಸಂಶೋಧನೆಯನ್ನೂ ವರ್ಷಕ್ಕೊಂದು ವರದಿಯೆಂದು ಕಡ್ಡಾಯ ಮಾಡಿದರೆ, ಅದೂ ಕಡತ ಸೇರುವ ಮತ್ತೊಂದು ಕಾಗದವಾದೀತು. ತನ್ನ ಸೋಲನ್ನು ಬರೆದಿಟ್ಟ ಉಪಾಧ್ಯಾಯರ ಮೇಲೆ ಆ ಬರಹವೇ ದೋಷಾರೋಪವಾಗಿ ತಿರುಗುವುದಾದರೆ, ಯಾರು ತಾನೆ ನಿಜ ಬರೆದಾರು?

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ವಾರಕ್ಕೆ ಒಂದು ಗಂಟೆ ಉಪಾಧ್ಯಾಯರು ಕೂಡಿ ತಮ್ಮ ಪಾಠವನ್ನು ವಿಮರ್ಶಿಸಲು ಮೀಸಲಾಗಲಿ, ಅದು ದುಡಿಮೆಯ ಹೊತ್ತೆಂದೇ ಎಣಿಕೆಯಾಗಲಿ. ಮುಖ್ಯೋಪಾಧ್ಯಾಯರು ಅಲ್ಲಿ ತಮ್ಮ ತರಗತಿಯ ತೊಡಕನ್ನು ಮೊದಲು ಹೇಳಲಿ, ಉಳಿದವರ ಬಾಯಿ ತಾನಾಗಿ ಬಿಚ್ಚುತ್ತದೆ. ಅಲ್ಲಿ ಆಡಿದ ಮಾತು ಬಡ್ತಿಗೂ ಶಿಕ್ಷೆಗೂ ಆಧಾರವಾಗದಿರಲಿ.

ಈ ಕೆಲಸದಲ್ಲಿ ಓದುಗರ ಪಾಲೂ ಇದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಸರ್ಕಾರಿ ಶಾಲೆಯ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳು ಅಥವಾ ಪೋಷಕರಿರಬೇಕು, ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ಸಭೆಗೆ ಹೋಗಿ ಸುಣ್ಣಬಣ್ಣ, ಕಾಂಪೌಂಡುಗಳ ಮಾತಷ್ಟನ್ನೇ ಆಡಿ ಬರಬೇಡಿ. ಈ ತಿಂಗಳು ನಮ್ಮ ಮಕ್ಕಳು ಎಲ್ಲಿ ತೊಡರಿದರು, ನೀವು ಏನು ಮಾಡಿ ನೋಡಿದಿರಿ, ನಿಮಗೆ ನಮ್ಮಿಂದ ಏನಾಗಬೇಕು ಎಂದು ಕೇಳಿ. ಪಾಳಿ ಮುಗಿಸಿ ಬಂದ ತಂದೆತಾಯಿಗಳು ಹೀಗೆ ಕೇಳಿದ ದಿನ, ಉಪಾಧ್ಯಾಯರಿಗೆ ತಮ್ಮ ಹಿಂದೆ ಊರು ನಿಂತಿದೆಯೆಂಬ ಧೈರ್ಯ ಬಂದೀತು. ಹೊತ್ತನ್ನು ಇಲಾಖೆ ಕೊಡಲಿ, ಆ ಧೈರ್ಯವನ್ನು ನಾವು ಕೊಡೋಣ.